ಏರಿನಲ್ಲಿ ಇಳಿಯುವ ಅವ್ವ ಮತ್ತು ನನ್ನ ಕ್ಯಾಮ್‌ಶಾಫ್ಟು

ನಮ್ಮ ಮನೆಗೆ ಬಂದವರು ತಂಬಿಗೆಯ ನೀರು ಕುಡಿದು ಮುಗಿಸುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ. ಬಾಗಿಲ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿರುವ ಆ ಕಬ್ಬಿಣದ ಕೋಲು ಏನು? ಮೊಳದಷ್ಟು ಉದ್ದ, ಮೈತುಂಬ ಗಂಟು, ಒಂದು ಗಂಟಿನ ಮೂತಿ ಇದ್ದ ಕಡೆ ಇನ್ನೊಂದರ ಮೂತಿ ಇಲ್ಲ. ವಿಮೆಯ ಏಜೆಂಟನೊಬ್ಬ ಅದನ್ನು ವ್ಯಾಯಾಮದ ಸಾಮಾನು ಎಂದುಕೊಂಡು ಎತ್ತಿ ನೋಡಿದ. ಆಮೇಲೆ ನನ್ನ ತೋಳು ನೋಡಿ ಅನುಮಾನಪಟ್ಟು ಕೆಳಗಿಟ್ಟ. ಪಕ್ಕದ ಮನೆಯ ಮುದುಕಿಗೆ ಅದು ಯಾವುದೋ ದೇವರ ಬೆತ್ತದಂತೆ ಕಂಡಿದೆ, ದಾಟಿ ಹೋಗುವಾಗೆಲ್ಲ ಕೈ ಮುಗಿಯುತ್ತಾಳೆ. ನನ್ನ ಹೆಂಡತಿ ಶಾಂತಾ ಮಾತ್ರ ಯಾರು ಕೇಳಿದರೂ ಒಂದೇ ಉತ್ತರ ಕೊಡುತ್ತಾಳೆ: "ಅದು ಇವರ ಹಟಾ ರೀ. ಎರಕಾ ಹೊಯ್ದು ನಿಂದ್ರಿಸ್ಯಾರ."

ಗೋವೆಯ ಝುವಾರಿನಗರದ ಮಳೆಗಾಲದ ಗಾಳಿ ನಿಮಗೆ ಗೊತ್ತಿರಲಿಕ್ಕಿಲ್ಲ. ಗುಡ್ಡದ ನೆತ್ತಿಯ ಮೇಲಿನ ಊರು ನಮ್ಮದು. ಸಮುದ್ರದ ಕಡೆಯಿಂದ ಬರುವ ಗಾಳಿ ಯಾರ ಮನೆಯ ಬಾಗಿಲನ್ನೂ ಕೇಳಿ ತೆಗೆಯುವುದಿಲ್ಲ, ಕೇಳಿ ಮುಚ್ಚುವುದೂ ಇಲ್ಲ. ಆಗ ಈ ಕೋಲನ್ನು ಬಾಗಿಲಿಗೆ ಆನಿಸಿ ಇಟ್ಟರೆ ಬಾಗಿಲು ಅಲ್ಲಾಡುವುದಿಲ್ಲ. ಒಂದು ಕಾಲಕ್ಕೆ ಇಂಜಿನ್ನಿನ ಹೊಟ್ಟೆಯಲ್ಲಿ ನಿಮಿಷಕ್ಕೆ ಸಾವಿರಾರು ಸಲ ತಿರುಗಬೇಕೆಂದು ಹುಟ್ಟಿದ ವಸ್ತು ಈಗ ಬಾಗಿಲು ಅಲ್ಲಾಡದಂತೆ ನೋಡಿಕೊಳ್ಳುತ್ತಿದೆ. ಅದರ ಮಟ್ಟಿಗೆ ಇದು ಅವಮಾನವೇ ಇರಬೇಕು, ಆದರೆ ನಮ್ಮ ಮನೆಗೆ ಬಂದ ಮೇಲೆ ಅದು ಸರಿಯಾಗಿ ಮಾಡಿದ ಕೆಲಸ ಇದೊಂದೇ.

ಅದರ ಹೆಸರು ಕ್ಯಾಮ್‌ಶಾಫ್ಟು. ಹೆದರಬೇಡಿ, ಪಾಠ ಮಾಡುವುದಿಲ್ಲ. ಇಂಜಿನ್ನು ಉಸಿರಾಡುತ್ತದೆ ಎಂದು ಒಪ್ಪಿಕೊಂಡರೆ ಸಾಕು. ಉಸಿರು ಒಳಗೆ ಬರುವುದಕ್ಕೊಂದು ಕವಾಟ, ಹೊರಗೆ ಹೋಗುವುದಕ್ಕೊಂದು ಕವಾಟ. ಆ ಕವಾಟಗಳನ್ನು ಯಾವಾಗ ತೆರೆಯಬೇಕು, ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆದಿಡಬೇಕು ಎಂಬುದನ್ನೆಲ್ಲ ಈ ಗಂಟುಗಳೇ ತೀರ್ಮಾನಿಸುತ್ತವೆ. ಗಂಟಿನ ಆಕಾರ ಕೂದಲೆಳೆಯಷ್ಟು ಬದಲಾದರೂ ಗಾಡಿಯ ಸ್ವಭಾವ ಬದಲಾಗುತ್ತದೆ. ಮನುಷ್ಯರಲ್ಲಿ ಅಂಥದೊಂದು ಗಂಟು ಎಲ್ಲಿದೆಯೋ ಗೊತ್ತಿಲ್ಲ. ಗೊತ್ತಿದ್ದರೆ ಶಾಂತಾ ನನ್ನದನ್ನು ಎಂದೋ ಅರೆಸಿ ತರುತ್ತಿದ್ದಳು.

ನಾನು ಸಾಂಕೋಲೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಹೆಸರು ಬಸವರಾಜ, ಕರೆಯುವವರಿಗೆ ಬಸು. ಅಪ್ಪ ಅವ್ವ ಬಾಗಲಕೋಟೆಯ ಕಡೆಯಿಂದ ಕೆಲಸಕ್ಕೆ ಬಂದಾಗ ನಾನು ಅವ್ವನ ಸೊಂಟದ ಮೇಲಿದ್ದೆ. ಅಪ್ಪ ಬಂದರಿನಲ್ಲಿ ಮೂಟೆ ಹೊತ್ತ, ಅವ್ವ ಕಟ್ಟಡಗಳಲ್ಲಿ ಸಿಮೆಂಟಿನ ಬುಟ್ಟಿ ಹೊತ್ತಳು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ತೀರಿಕೊಂಡ. ಅವ್ವ ಆಮೇಲೂ ಹೊತ್ತಳು. ಈ ಕರಾವಳಿಯಲ್ಲಿ ಬಿಳಿ ಬಣ್ಣ ಹೊಡೆದು ನಿಂತ ಎಷ್ಟೋ ಮನೆಗಳ ಎರಡನೆಯ ಮಾಳಿಗೆ ಅವಳ ತಲೆಯ ಮೇಲಿಂದ ಹೋದದ್ದು. ಹೀಗಾಗಿ ಅವಳ ಮೊಣಕಾಲುಗಳು ಅವಳಿಗಿಂತ ಮೊದಲೇ ಮುದುಕಿಯಾದವು.

ಎರಡು ಸಾವಿರದ ಐದೋ ಆರೋ ಇರಬೇಕು, ನಾನು ಕಾರು ಕೊಂಡೆ. ಯಾವ ಕಾರು ಎಂದು ಹೆಸರು ಹೇಳುವುದಿಲ್ಲ. ಮುಂದೆ ಎರಡು ದುಂಡು ದೀಪ, ಸ್ಟಿಯರಿಂಗ್ ಪಕ್ಕದಲ್ಲೇ ಗೇರಿನ ಕೋಲು, ಬಾಗಿಲು ಹಾಕಿದರೆ ತಿಜೋರಿ ಹಾಕಿದ ಸದ್ದು, ಮುಂಬಯಿಯ ಟ್ಯಾಕ್ಸಿಗಳೆಲ್ಲ ಒಂದು ಕಾಲಕ್ಕೆ ಅವೇ ಇದ್ದವು ಎಂದರೆ ನಿಮಗೆ ಗೊತ್ತಾಗುತ್ತದೆ. ಜನ ಅವನ್ನು ಗುಜರಿಗೆ ಹಾಕುತ್ತಿದ್ದ ಹೊತ್ತಿನಲ್ಲಿ ನಾನು ಗುಜರಿಯ ಬಾಗಿಲಿನಿಂದ ಒಂದನ್ನು ಮನೆಗೆ ಕರೆತಂದೆ. ಫೋಂಡಾಕ್ಕೆ ಹೋಗಬೇಕಿತ್ತು, ಅದಕ್ಕೆ. ಫೋಂಡಾದಲ್ಲಿ ಅವ್ವನ ತಂಗಿ ಗಂಗವ್ವ ಇದ್ದಾಳೆ. ಒಂದು ಕೈ, ಒಂದು ಕಾಲು ಸ್ವಾಧೀನ ತಪ್ಪಿ ಹಾಸಿಗೆ ಹಿಡಿದವಳು. ಬಸ್ಸಿನಲ್ಲಿ ಹೋದರೆ ಎರಡು ಕಡೆ ಇಳಿದು ಹತ್ತಬೇಕು, ಅವ್ವನ ಕಾಲಿಗೆ ಅದು ಆಗುವುದಿಲ್ಲ. ಇಬ್ಬರೂ ಸೇರಿದರೆ ದೊಡ್ಡ ಮಾತೇನೂ ಇರುವುದಿಲ್ಲ. ಅವ್ವ ತಂಗಿಯ ತಲೆಗೆ ಎಣ್ಣೆ ಹಚ್ಚುತ್ತಾಳೆ, ಗಂಗವ್ವ ಕಣ್ಣು ಮುಚ್ಚಿಕೊಂಡಿರುತ್ತಾಳೆ, ಅಷ್ಟೇ. ಭಾನುವಾರದ ಈ ಎಣ್ಣೆ ತಪ್ಪಬಾರದೆಂದು ಕಾರು ಬಂತು.

ಫೋಂಡಾದ ದಾರಿಯಲ್ಲಿ ಬೋರಿಂ ಸೇತುವೆ ಸಿಗುತ್ತದೆ. ಸೇತುವೆ ದಾಟಿದ ಮೇಲೆ ಏರು. ನಮ್ಮ ಗಾಡಿ ಆ ಏರಿನ ಬುಡದಲ್ಲಿ ಎರಡನೆಯ ಗೇರಿಗೆ ಬರುತ್ತಿತ್ತು, ನಡುವೆ ಒಂದನೆಯದಕ್ಕೆ. ಆಮೇಲೆ ಮುಲುಕುತ್ತಿತ್ತು. ಮುಲುಕು ಕೇಳಿದ್ದೇ ಅವ್ವ ಬಾಗಿಲು ತೆಗೆದು ಇಳಿದುಬಿಡುತ್ತಿದ್ದಳು. ಗಾಡಿ ನಿಲ್ಲುವ ತನಕ ಕಾಯುವ ಅಭ್ಯಾಸವೂ ಇರಲಿಲ್ಲ. ಆ ಹೊತ್ತಿಗೆ ಗಾಡಿ ಅವಳ ನೋಯುವ ಕಾಲಿಗಿಂತಲೂ ನಿಧಾನವಾಗಿರುತ್ತಿದ್ದರಿಂದ ಅಪಾಯವೇನೂ ಇರಲಿಲ್ಲ ಅನ್ನಿ.

ಇದಕ್ಕೆ ಕಾರಣ ಹೇಳಬೇಕಾದರೆ ನಾನು ಚಕ್ಕಡಿ ಹತ್ತಬೇಕು. ಚಿಕ್ಕವನಿದ್ದಾಗ ಬೇಸಿಗೆಗೆ ಅವ್ವನ ಊರಿಗೆ ಹೋದರೆ ಬಸ್ಸು ಇಳಿದ ಮೇಲೆ ಮಾವನ ಚಕ್ಕಡಿಯೇ ಗತಿ. ಹುಲ್ಲಿನ ಮೆತ್ತೆ, ಅದರ ಮೇಲೆ ಕೌದಿ, ಗಾಲಿಗೆ ಹಚ್ಚಿದ ಕೀಲೆಣ್ಣೆಯ ವಾಸನೆ, ನನ್ನ ಅಂಗಿಗೆ ಅದರ ಕಲೆ, ಕಲೆಗೆ ಅವ್ವನ ಬೈಗುಳ. ಊರಿನ ಮುಂದೆ ಒಂದು ದಿಬ್ಬ. ದಿಬ್ಬದ ಬುಡಕ್ಕೆ ಬಂದ ಕೂಡಲೇ ಯಾರೂ ಹೇಳದೆ ಎಲ್ಲರೂ ಇಳಿಯುತ್ತಿದ್ದರು. ಬಾಣಂತಿ ಇದ್ದರೆ ಅವಳೊಬ್ಬಳು ಕೂಡಬಹುದು. ಉಳಿದವರು ಇಳಿಯಬೇಕು, ಇಳಿದು ಸುಮ್ಮನೆ ನಡೆಯುವುದಲ್ಲ, ಒಬ್ಬರು ಕೈಯಲ್ಲಿ ಕಲ್ಲು ಹಿಡಿದು ಗಾಲಿಯ ಹಿಂದೆಯೇ ನಡೆಯಬೇಕು. ಎತ್ತು ನಿಂತಿತೋ, ಗಾಲಿಗೆ ಕಲ್ಲು ಒಡ್ಡಬೇಕು. ಎತ್ತು ಏದುಸಿರು ಬಿಡುತ್ತಿರುವಾಗ ಮೇಲೆ ಕುಳಿತವರನ್ನು ಆ ಊರು ಬಹಳ ದಿನ ನೆನಪಿಡುತ್ತಿತ್ತು. ಕಲ್ಲು ಹಿಡಿಯುವ ಕೆಲಸ ಯಾವಾಗಲೂ ಅವ್ವನದು.

ಅವ್ವನ ಲೆಕ್ಕದಲ್ಲಿ ನನ್ನ ಕಾರೂ ಎತ್ತೇ. ಅದಕ್ಕೆ ಕೋಡು ಇಲ್ಲ ಎಂಬುದು ಅವಳಿಗೆ ದೊಡ್ಡ ವ್ಯತ್ಯಾಸವಾಗಿ ಕಾಣಲಿಲ್ಲ. ಗೋವೆಯ ಕೆಂಪುಕಲ್ಲು ಗಾಲಿಯ ಕೆಳಗೆ ಪುಡಿಯಾಗುತ್ತದೆಂದು ಊರಿನಿಂದ ಬೆಣೆಯಾಕಾರದ ಒಂದು ಕರಿಕಲ್ಲನ್ನು ಸೀರೆಯ ಗಂಟಿನಲ್ಲಿ ತಂದು ಕಾರಿನಲ್ಲಿ ತನ್ನ ಕಾಲ ಬಳಿ ಇಟ್ಟುಕೊಂಡಳು. ಏರು ಬಂದಾಗ ಕಲ್ಲೆತ್ತಿಕೊಂಡು ಇಳಿದು, ಗಾಡಿಯ ಹಿಂದೆ ನಡೆದು ಬರುತ್ತಿದ್ದಳು. ಹಿಂದಿನ ಲಾರಿಯವರು ಕಾರಿನ ಹಿಂದೆ ಕಲ್ಲು ಹಿಡಿದು ಬರುತ್ತಿರುವ ಹೆಂಗಸನ್ನು ಕಂಡು ಅವಳಿಗೆ ನನ್ನ ಮೇಲೆ ಏನೋ ಸಿಟ್ಟಿರಬೇಕೆಂದು ತಿಳಿದು ದೂರವೇ ಉಳಿಯುತ್ತಿದ್ದರು.

ಒಂದು ಸಲ ನಾನು ಏರಿನ ತುದಿ ಮುಟ್ಟಿದೆ. ಮುಲುಕದೆ ಮುಟ್ಟಿದೆ ಎಂಬ ಉಬ್ಬಿನಲ್ಲಿ, "ಹೆಂಗ ಬಂತವಾ ಗಾಡಿ, ಈ ಸಲ ಗುರು ಗುರು ಅನ್ಲಿಲ್ಲ ನೋಡು" ಎಂದು ಹಿಂದಿರುಗಿ ನೋಡಿದರೆ ಹಿಂದಿನ ಸೀಟು ಖಾಲಿ. ಮುಂದೆ ಕುಳಿತಿದ್ದ ಶಾಂತಾ ಸಾವಕಾಶವಾಗಿ, "ಅತ್ತಿ ಕೆಳಗ ಆ ಹುಣಸಿ ಗಿಡದ ಹತ್ರನ ಇಳದಾರ್ರಿ. ಅವರು ಇಳದಿದ್ದಕ್ಕ ಹತ್ತೈತಿ" ಎಂದಳು. ಅವಳಿಗೆ ಆಗಲೇ ಹೇಳಲು ಬಾಯಿರಲಿಲ್ಲವೇ ಎಂದು ಕೇಳಿದೆ. "ನೀವು ಖುಷಿಲೆ ಇದ್ರಿ" ಎಂದಳು. ನಾವು ಕಾಯುತ್ತ ನಿಂತೆವು. ಅವ್ವ ಒಂದು ಕೈಯಲ್ಲಿ ಕಲ್ಲು, ಇನ್ನೊಂದು ಕೈ ಮೊಣಕಾಲಿನ ಮೇಲೆ ಊರಿಕೊಂಡು, ಎರಡು ಹೆಜ್ಜೆಗೊಮ್ಮೆ ನಿಂತು ಬರುತ್ತಿದ್ದಳು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಜೀವಮಾನವೆಲ್ಲ ಹೊತ್ತವಳನ್ನು ಒಂದು ದಿಬ್ಬ ಕೂಡಿಸಿಕೊಂಡು ಹೋಗಲಾಗದ ಮಗ ನಾನು ಎನ್ನಿಸಿತು.

ಆಮೇಲಿನ ತಿಂಗಳಲ್ಲಿ ಡಾಕ್ಟರು ಅವಳ ಮೊಣಕಾಲು ಒತ್ತಿ ನೋಡಿ, ಇನ್ನು ಏರು ಹತ್ತಿದರೆ ನಡೆಯುವುದೇ ನಿಲ್ಲುತ್ತದೆ ಎಂದರು. ಮನೆಗೆ ಬಂದು ನಾನು ಸ್ಪಷ್ಟವಾಗಿ ಹೇಳಿದೆ, ಇನ್ನು ಬೋರಿಂ ಏರಿನಲ್ಲಿ ಇಳಿಯುವ ಹಾಗಿಲ್ಲ.

"ಹಂಗಾರ ನಾ ಬರೂದಿಲ್ಲ" ಎಂದಳು ಅವ್ವ.

"ಇಳೀಬ್ಯಾಡ ಅಂದೆ, ಬರಬ್ಯಾಡ ಅನ್ಲಿಲ್ಲ."

"ಅದು ಹಂಗ ನರಳೂದು ಕೇಳಕೋತ ಮ್ಯಾಲ ಕೂಡಾಕ ನನಗ ಆಗೂದಿಲ್ಲಪಾ. ಹೊತ್ತವರಿಗೆ ಗೊತ್ತಿರತೈತಿ. ಗಂಗಿಗೆ ಹೇಳು, ಅಕ್ಕಗ ಕಾಲು ಬ್ಯಾನಿ ಐತಿ ಅಂತ."

ಎರಡು ಭಾನುವಾರ ಅವಳು ಬರಲಿಲ್ಲ. ನಾನೊಬ್ಬನೇ ಹೋದೆ. ಗಂಗವ್ವ ನನ್ನ ಹಿಂದೆ ಬಾಗಿಲ ಕಡೆ ನೋಡಿದಳು. ಎಣ್ಣೆಯ ಶೀಶೆ ಗೂಡಿನಲ್ಲಿ ಇದ್ದ ಹಾಗೆಯೇ ಇತ್ತು. ಹಿಂದಿರುಗುವಾಗ ಸೇತುವೆಯ ಮೇಲೆ ನಾನು ತೀರ್ಮಾನ ಮಾಡಿದೆ. ಅವ್ವನನ್ನು ಬದಲಾಯಿಸಲು ಆಗುವುದಿಲ್ಲ, ದಿಬ್ಬವನ್ನು ಬದಲಾಯಿಸಲೂ ಆಗುವುದಿಲ್ಲ. ಉಳಿದದ್ದು ಗಾಡಿ. ಅದು ನರಳದೆ ಏರಬೇಕು.

ಝುವಾರಿನಗರದಲ್ಲಿ ಗ್ಯಾರೇಜು ಇಟ್ಟಿರುವ ದಸ್ತಗೀರ ನನ್ನ ಗೆಳೆಯ. ವಿಜಯಪುರದ ಕಡೆಯವನು. ಅವನಿಗೆ ಗಾಡಿ ರಿಪೇರಿಗಿಂತ ಗಾಡಿಯ ವೇಗದ ಮೇಲೆ ಪ್ರೀತಿ. ರಿಪೇರಿಗೆ ಬಂದ ಸ್ಕೂಟರಿಗೂ ಒಂದು ಸುತ್ತು ಓಡಿಸಿಯೇ ಬೀಗದ ಕೈ ಕೊಡುತ್ತಾನೆ. ಅವನು ಇಂಜಿನ್ನು ಬಿಚ್ಚಿ, ನನ್ನ ಹಳೆಯ ಕ್ಯಾಮ್‌ಶಾಫ್ಟನ್ನು ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದ.

"ನೋಡಿಲ್ಲಿ ಬಸು. ಮೊಟ್ಟಿ ಇದ್ದಂಗ ಇರಬೇಕಾದದ್ದು ಗೋಲಿ ಆಗ್ಯಾವು. ಗಂಟೇ ಸವದು ಹೋದ್ರ ಕವಾಟಾ ಪೂರಾ ತಗಿಯೂದಾದ್ರೂ ಹೆಂಗ? ಇದು ಅರ್ಧಾ ಉಸಿರಿನ್ಯಾಗ ಏರು ಹತ್ತಾಕತ್ತೈತಿ."

"ಹಂಗಾರ ಬ್ಯಾರೇದು ಹಾಕು."

"ಹೆಂಗೂ ಹಾಕೂದೈತಿ ಅಂದಮ್ಯಾಲ ಚಲೋದು ಹಾಕೂನು. ಪರ್ಫಾರ್ಮನ್ಸ್ ಕ್ಯಾಮ್. ವಾಸ್ಕೋದಾಗ ಒಬ್ಬಾಂವ ರ್‍ಯಾಲಿ ಗಾಡಿ ಬಿಚ್ಯಾನ. ಇದೇ ಇಂಜಿನ್ನು. ಹಾಕಿದಿ ಅಂದ್ರ ಬೋರಿಂ ಏರು ಅಲ್ಲ, ಆಕಾಶಾ ಹತ್ತತೈತಿ."

ಹೇಗೂ ಹಾಕುವುದಿದೆ, ಅಂದಮೇಲೆ ಒಳ್ಳೆಯದೇ ಹಾಕೋಣ. ಈ ಒಂದು ವಾಕ್ಯದಿಂದ ಎಷ್ಟು ಮದುವೆಗಳು, ಎಷ್ಟು ಮನೆ ಕಟ್ಟುವ ಕೆಲಸಗಳು ಹಾಳಾಗಿವೆಯೋ ನಿಮಗೂ ಗೊತ್ತಿದೆ. ಆದರೂ ನಾನು ಬುದ್ಧಿವಂತ, ವಿಚಾರಿಸದೆ ಹೆಜ್ಜೆ ಇಡುವವನಲ್ಲ. ವಾಸ್ಕೋದ ಸೈಬರ್ ಕೆಫೆಗೆ ಹೋಗಿ, ಕರ್ಟನ್ ಎಳೆದ ಡಬ್ಬಿಯೊಳಗೆ ಕುಳಿತು, ಪರದೇಶದ ಗಾಡಿ ಹುಚ್ಚರು ಬರೆದುಕೊಂಡದ್ದನ್ನೆಲ್ಲ ನನ್ನ ಇಂಗ್ಲಿಷಿಗೆ ಎಟುಕಿದಷ್ಟು ಓದಿದೆ. ಅವರೆಲ್ಲ ಒಂದೇ ಮಾತು ಹೇಳುತ್ತಿದ್ದರು. ರಸ್ತೆಯ ಮೇಲೆ ಓಡಿಸುವ ಗಾಡಿಗೆ ಜನ ಯಾವಾಗಲೂ ಬೇಕಾದದ್ದಕ್ಕಿಂತ ದೊಡ್ಡ ಕ್ಯಾಮ್ ಆರಿಸುತ್ತಾರೆ, ಆಮೇಲೆ ಪಶ್ಚಾತ್ತಾಪಪಡುತ್ತಾರೆ. ನಾನು ತಲೆದೂಗುತ್ತ ಓದಿದೆ. ಎಂಥ ಮೂರ್ಖರಿದ್ದಾರಪ್ಪ ಎಂದುಕೊಂಡೆ. ಅಲ್ಲಿಂದ ನೆಟ್ಟಗೆ ಹೋಗಿ ರ್‍ಯಾಲಿ ಗಾಡಿಯ ಕ್ಯಾಮ್‌ಶಾಫ್ಟು ತಂದೆ.

ಮನೆಗೆ ತಂದ ದಿನ ಖಂಡೇನವಮಿ. ಮಣೆಯ ಮೇಲೆ ಕುಡಗೋಲು, ನನ್ನ ಸ್ಪ್ಯಾನರುಗಳು, ಶಾಂತಾಳ ಹೊಲಿಗೆ ಯಂತ್ರದ ಸೂಜಿ ಎಲ್ಲ ಪೂಜೆಗೆ ಕೂತಿದ್ದವು. ಅವ್ವ ಹೊಸ ಕೋಲನ್ನೂ ಅವುಗಳ ನಡುವೆ ಇಟ್ಟಳು. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಪ್ರತಿಯೊಂದು ಗಂಟಿಗೂ ಅರಿಶಿನ, ಕುಂಕುಮ, ಮೇಲೊಂದು ಅಕ್ಕಿಕಾಳು ಅಂಟಿದ್ದವು. ಕ್ಯಾಮ್‌ಶಾಫ್ಟಿನ ಗಂಟಿಗೆ ಕನ್ನಡಿಯ ನುಣುಪು ಇರಬೇಕು, ಅಲ್ಲಿ ಒಂದು ಧೂಳಿನ ಕಣ ಕುಳಿತರೂ ಕೆಟ್ಟಿತು. ಅವ್ವ ಆರತಿ ಎತ್ತಿದಳು, ನಾನು ಭಕ್ತಿಯಿಂದ ಕೈ ಮುಗಿದೆ. ಅವಳು ನೈವೇದ್ಯ ತರಲು ಒಳಗೆ ಹೋದಾಗ ಅದನ್ನು ಎತ್ತಿಕೊಂಡು ಹಿತ್ತಲಿಗೆ ಓಡಿ ಸೀಮೆಎಣ್ಣೆಯಲ್ಲಿ ಅದ್ದಿದೆ. ಹಿಂತುದಿಗೆ, ಯಾವುದಕ್ಕೂ ತಾಗದ ಜಾಗದಲ್ಲಿ ಒಂದು ಬೊಟ್ಟು ಉಳಿಸಿದೆ. ಪೂರ್ತಿ ಅಳಿಸಲು ಧೈರ್ಯ ಬರಲಿಲ್ಲ. ಅದು ಆಮೇಲೆ ಇಂಜಿನ್ನಿನ ಎಣ್ಣೆಯಲ್ಲಿ ಹೋಯಿತು ಎಂದುಕೊಂಡಿದ್ದೆ. ಈಗಲೂ ಬಾಗಿಲಿನ ಆ ಕೋಲನ್ನು ತಲೆಕೆಳಗು ಮಾಡಿದರೆ ಒಂದು ಕಂದು ಕಲೆ ಕಾಣುತ್ತದೆ. ಕುಂಕುಮವೋ ತುಕ್ಕೋ ಹೇಳಲಾರೆ.

ಹೊಸ ಕ್ಯಾಮ್ ಹಾಕಿದ ಗಾಡಿಯ ವೈಭವವನ್ನು ಸ್ವಲ್ಪ ವರ್ಣಿಸಲು ಅನುಮತಿ ಕೊಡಿ. ನಿಂತಲ್ಲಿಯೇ ಗುಡ್ ಗುಡ್ ಗುಡ್ ಎಂದು ಕುಣಿಯುತ್ತಿತ್ತು. ಓಣಿಯ ಜನರೆಲ್ಲ ಹೊರಗೆ ಬಂದು ನೋಡಿದರು. ಕಿಟಕಿಯ ಗಾಜು, ಶಾಂತಾಳ ಬಳೆ, ನನ್ನ ಹಲ್ಲು, ಎಲ್ಲ ತಾಳ ಹಾಕಿದವು. ವೆರ್ಣೆಯ ಬಯಲಿನ ನೆಟ್ಟಗಿನ ರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ ಕಾಲು ಒತ್ತಿದರೆ ಹಳೆಯ ಗಾಡಿ ಒಂದು ಕ್ಷಣ ಯೋಚಿಸಿ, ಆಮೇಲೆ ಹಗ್ಗ ಹರಿದ ಹೋರಿಯಂತೆ ನುಗ್ಗುತ್ತಿತ್ತು. ದಸ್ತಗೀರ ಪಕ್ಕದಲ್ಲಿ ಕುಳಿತು ಡ್ಯಾಶ್‌ಬೋರ್ಡು ಬಡಿದು ನಕ್ಕ. ನಾನೂ ನಕ್ಕೆ. ನಲವತ್ತರ ಹತ್ತಿರದ ಇಬ್ಬರು ಗಂಡಸರು ಸರಿಯಾಗಿ ಸುಖಪಟ್ಟ ಸಂಜೆ ಅದು.

ಭಾನುವಾರ ಪರೀಕ್ಷೆಗೆಂದು ಶಾಂತಾಳನ್ನೂ ದಸ್ತಗೀರನನ್ನೂ ಕೂಡಿಸಿಕೊಂಡು ಬೋರಿಂ ಏರಿಗೆ ಹೋದೆ. ಅವ್ವನ ಬದಲಿಗೆ ಒಂದು ಸಿಮೆಂಟ್ ಚೀಲ ಹಿಂದೆ ಇತ್ತು. ಮುಂದೆ ಮರಳಿನ ಲಾರಿ, ಅದರ ಹಿಂದೆ ನಾನು. ಲಾರಿ ನಿಧಾನವಾಯಿತು, ನಾನೂ ನಿಧಾನವಾದೆ, ಅಲ್ಲಿಗೆ ಗಾಡಿಯ ಉಸಿರು ನಿಂತಿತು. ಮತ್ತೆ ಚಾಲೂ ಮಾಡಿದರೆ ಒಮ್ಮೆ ಜಿಗಿದು ಮತ್ತೆ ಸತ್ತಿತು. ಸವೆದ ಹಳೆಯ ಕ್ಯಾಮಿನಲ್ಲಿ ನರಳಿಯಾದರೂ ಹತ್ತುತ್ತಿದ್ದ ಗಾಡಿ, ಹೊಸದರಲ್ಲಿ ಹತ್ತಲೇ ಇಲ್ಲ. ದಸ್ತಗೀರ ಇಳಿದ. ಶಾಂತಾ ಇಳಿದಳು. ಸಿಮೆಂಟ್ ಚೀಲಕ್ಕೆ ಕಾಲಿದ್ದರೆ ಅದೂ ಇಳಿಯುತ್ತಿತ್ತು. ಶಾಂತಾ ಅವ್ವನ ಕರಿಕಲ್ಲನ್ನು ತೆಗೆದು ಗಾಲಿಗೆ ಒಡ್ಡಿದಳು. ನನ್ನ ಹೆಂಡತಿಯೂ ಅವ್ವನ ಊರ ಕಡೆಯವಳೇ ಎಂದು ನಾನು ಮರೆತಿದ್ದೆ.

"ರೇಸು ತಗೋ" ಎಂದ ದಸ್ತಗೀರ. "ಕಾಲು ಒತ್ತು. ಜೋರಲೆ ಓಡಿಸಿಕೋತ ಬಂದ್ರ ಹತ್ತತೈತಿ."

"ಮುಂದ ಲಾರಿ ಐತಿ."

"ಲಾರಿ ಇಲ್ಲದ ಹೊತ್ತಿನ್ಯಾಗ ಬಾ."

ಅವ್ವನನ್ನು ಕೂಡಿಸಿಕೊಂಡು ಲಾರಿ ಇಲ್ಲದ ಹೊತ್ತು ಹುಡುಕುತ್ತ ಏರಿನ ಮೇಲೆ ಬಾಣದಂತೆ ಹಾರುವ ಚಿತ್ರ ಕಣ್ಣಿಗೆ ಬಂತು. ಬೇಡವೆಂದೆ.

ಅಂದು ಸಂಜೆ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಹತ್ತಿರದಲ್ಲೇ ಮನೆ ಕಟ್ಟುವ ಕೆಲಸ ನಡೆದಿತ್ತು. ಹೆಂಗಸರು ಬುಟ್ಟಿ ಹೊತ್ತು ಹಲಗೆಯ ಏಣಿ ಏರುತ್ತಿದ್ದರು. ಅವ್ವನೂ ಹೀಗೆಯೇ ಏರುತ್ತಿದ್ದಳು. ಕೆಳಗೆ ಸೀರೆಯ ಜೋಲಿಯಲ್ಲೋ ಮರಳಿನ ಗುಡ್ಡೆಯ ಮೇಲೋ ಕುಳಿತು ನಾನು ನೋಡುತ್ತಿದ್ದೆ. ಹೊತ್ತವರು ಓಡುವುದಿಲ್ಲ, ದೊಡ್ಡ ಹೆಜ್ಜೆ ಹಾಕುವುದಿಲ್ಲ, ಬಾಯಿ ತೆರೆದು ಉಸಿರು ಎಳೆಯುವುದೂ ಇಲ್ಲ. ಸಣ್ಣ ಹೆಜ್ಜೆ, ಸಣ್ಣ ಉಸಿರು, ಎಳೆದುಕೊಂಡದ್ದನ್ನು ಪೂರ್ತಿ ಬಳಸಿ ಬಿಡುವುದು. ಓಟಗಾರನ ಉಸಿರೇ ಬೇರೆ. ದೊಡ್ಡ ಕ್ಯಾಮ್ ಕವಾಟವನ್ನು ಬಹಳ ಹೊತ್ತು ತೆರೆದಿಡುತ್ತದೆ. ಗಾಡಿ ಓಡುತ್ತಿದ್ದರೆ ಅದು ಲಾಭ, ನಿಧಾನವಾದರೆ ಎಳೆದ ಉಸಿರು ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ನಾನು ಹೊರುವ ಗಾಡಿಗೆ ಓಟಗಾರನ ಎದೆ ಜೋಡಿಸಿದ್ದೆ. ಸೈಬರ್ ಕೆಫೆಯಲ್ಲಿ ಎಲ್ಲರೂ ಹೇಳಿದ್ದೂ ಇದನ್ನೇ, ಆದರೆ ಓದುವಾಗ ಕಣ್ಣ ಮುಂದೆ ಇದ್ದದ್ದು ಅವ್ವ ಅಲ್ಲ, ವೆರ್ಣೆಯ ರಸ್ತೆಯಲ್ಲಿ ಹೋಗುವ ನಾನು.

ಕ್ಯಾಮ್ ಆರಿಸುವುದೆಂದರೆ ಗಾಡಿಗೆ ಯಾವುದು ಹೆಚ್ಚು ಬಲ ಕೊಡುತ್ತದೆ ಎಂದು ಹುಡುಕುವುದಲ್ಲ, ಆ ಬಲ ಯಾವ ಹೊತ್ತಿಗೆ ಬೇಕು ಎಂದು ಕೇಳಿಕೊಳ್ಳುವುದು. ನನಗೆ ಬೇಕಾದದ್ದು ಏರಿನ ನಡುವೆ, ಲಾರಿಯ ಹಿಂದೆ, ನಿಧಾನದಲ್ಲಿ. ಮರುದಿನವೇ ನಾನು ನನ್ನ ಹಳೆಯ ಸವೆದ ಕ್ಯಾಮ್‌ಶಾಫ್ಟನ್ನು ಚೀಲದಲ್ಲಿ ಸುತ್ತಿಕೊಂಡು ಫೋಂಡಾದ ಬಸ್ಸು ಹತ್ತಿದೆ.

ಫೋಂಡಾದಲ್ಲಿ ಅರೆಯುವ ಯಂತ್ರದ ಅಂಗಡಿ ಇಟ್ಟವನನ್ನು ಉಲ್ಲಾಸಬಾಬ ಎನ್ನುತ್ತಾರೆ. ಗೋಡೆಯ ತುಂಬ ಬೇರೆಬೇರೆ ಗಂಟುಗಳ ಅಚ್ಚುಗಳನ್ನು ತೂಗುಹಾಕಿದ್ದಾನೆ. ಸವೆದ ಗಂಟಿಗೆ ಬೆಸುಗೆಯಿಂದ ಮೈ ತುಂಬಿ, ಕೇಳಿದ ಆಕಾರಕ್ಕೆ ಅರೆದು ಕೊಡುತ್ತಾನೆ. ಅವನು ಕೊಂಕಣಿಯಲ್ಲಿ, ನಾನು ಕನ್ನಡ ಹಿಂದಿಯ ಮಿಶ್ರಣದಲ್ಲಿ. ಒಂದು ಎತ್ತರದ ಗಂಟಿನ ಅಚ್ಚು ತೋರಿಸಿದ. ಬೇಡವೆಂದೆ. ಅದಕ್ಕಿಂತ ತಗ್ಗಿನದು ತೋರಿಸಿದ. ಇನ್ನೂ ತಗ್ಗಿನದು ಕೇಳಿದೆ.

"ತುಕಾ ಸ್ಪೀಡ್ ನಾಕಾ?" ಎಂದ. ಸ್ಪೀಡು ಬೇಡವೇ ನಿನಗೆ ಎಂದು.

"ನಾಕಾ" ಎಂದೆ. "ಏರಿನಲ್ಲಿ ನಿಲ್ಲಿಸಿದರೆ ನಿಂತಲ್ಲಿಂದ ಎದ್ದು ಹೋಗಬೇಕು. ಸದ್ದು ಮಾಡಬಾರದು."

ಅವನು ನನ್ನನ್ನು ಒಮ್ಮೆ ನೋಡಿದ. ಕ್ಯಾಮ್ ಅರೆಸಲು ಬಂದವರಲ್ಲಿ ಸದ್ದು ಬೇಡವೆಂದವನು ನಾನೇ ಮೊದಲಿನವನಿರಬೇಕು. ಮೂಲದ ಗಂಟಿಗಿಂತ ಕೂದಲೆಳೆ ಎತ್ತರ, ತೆರೆದಿಡುವ ಹೊತ್ತು ಹೆಚ್ಚುಕಡಿಮೆ ಮೊದಲಿನಷ್ಟೇ ಇರುವ ಅಚ್ಚನ್ನು ಗೋಡೆಯಿಂದ ಇಳಿಸಿದ. ಅದರ ಮೇಲೆ ಜೇಡರಬಲೆ ಇತ್ತು. ಯಾರೂ ಅದನ್ನು ಕೇಳಿರಲಿಲ್ಲ. ನನಗೆ ಅದೇ ಬೇಕೆಂದೆ.

ಅರೆಸಿ ತಂದ ಕೋಲನ್ನು ದಸ್ತಗೀರ ಕೈಯಲ್ಲಿ ಹಿಡಿದು ನೋಡಿ ಅಳುವಂತಾದ. "ಇದನ್ನ ಪರ್ಫಾರ್ಮನ್ಸ್ ಅಂತಾರೇನೋ? ಇದು ಮುದುಕ್ಯಾರ ಕ್ಯಾಮ್" ಎಂದ. ಹೌದು, ಮುದುಕಿಗಾಗಿಯೇ ತಂದದ್ದು ಎಂದೆ. ಅವನು ರ್‍ಯಾಲಿ ಕ್ಯಾಮನ್ನು ಬಿಚ್ಚುವುದಕ್ಕೇ ಒಪ್ಪಲಿಲ್ಲ, ಬಿಚ್ಚಿದ ಪಾಪ ತನಗೆ ಬೇಡವೆಂದ. ನಾನೇ ಬಿಚ್ಚಿದೆ. ಕಾರ್ಖಾನೆಯಿಂದ ಬಂದ ಮೇಲೆ ಬೆಳಕಿರುವ ತನಕ ಕೆಲಸ. ರೇಡಿಯೇಟರು ಇಳಿಸು, ಸರಪಳಿ ಬಿಚ್ಚು, ಕೋಲು ಎಳೆ, ಹೊಸದನ್ನು ಸೇರಿಸು, ಸರಪಳಿ ಹೂಡು, ತಿರುಗಿಸಿ ನೋಡು. ಒಂದು ಹಲ್ಲು ಆಚೀಚೆ ಆಗಿತ್ತು, ಮತ್ತೆ ಬಿಚ್ಚಿದೆ. ಎರಡನೆಯ ಸಲ ನನಗೇ ಸರಿ ಕಾಣಲಿಲ್ಲ, ಮತ್ತೆ ಬಿಚ್ಚಿದೆ. ಅಂಗಳದಲ್ಲಿ ಮಲಗಿದ್ದ ನಾಯಿಗೂ ಬೇಸರ ಬಂದು ಪಕ್ಕದ ಮನೆಗೆ ಹೋಯಿತು. ಬೆರಳು ಸಂದಿಗೆ ಸಿಕ್ಕಿ ಉಗುರು ಕಪ್ಪಾಯಿತು. ಸಾಕು ಎಂದು ಒಂದು ಸಲವೂ ಅನ್ನಿಸಲಿಲ್ಲ. ಅವ್ವ ಕಟ್ಟೆಯ ಮೇಲೆ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ನೋಡುತ್ತಿದ್ದಳು.

ಚಾಲೂ ಮಾಡಿದ ದಿನ ಓಣಿಯಲ್ಲಿ ಯಾರೂ ಹೊರಗೆ ಬರಲಿಲ್ಲ. ಬರುವಂಥ ಸದ್ದೇ ಇರಲಿಲ್ಲ. ಹೊಲಿಗೆ ಯಂತ್ರದಷ್ಟು ಸದ್ದು. ಇದಕ್ಕಾಗಿ ಇಷ್ಟು ಕಷ್ಟಪಟ್ಟೆಯಾ ಎಂಬಂತೆ ದಸ್ತಗೀರ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದ. ಬಾನೆಟ್ಟು ನಡುಗುತ್ತಿರಲಿಲ್ಲ.

ಆ ಭಾನುವಾರ ಗಂಗವ್ವನ ಮನೆಯಿಂದ ಫೋನು ಬಂತು. ಅವಳು ಎರಡು ದಿನದಿಂದ ಊಟ ಬಿಟ್ಟಿದ್ದಳಂತೆ, ಅಕ್ಕ ಬರಲಿ ಎಂದಷ್ಟೇ ಅನ್ನುತ್ತಿದ್ದಳಂತೆ.  ಅವ್ವ ಅದನ್ನು ಕೇಳಿ ಎದ್ದು ಸೀರೆ ಬದಲಿಸಿದಳು.

"ಬರತೇನಿ. ಆದ್ರ ಅದು ನರಳಿತು ಅಂದ್ರ ಇಳದ ಬಿಡತೇನಿ, ಮೊದಲ ಹೇಳಿರತೇನಿ."

"ಇಳಿ" ಎಂದೆ.

ಅವ್ವ ಹಿಂದಿನ ಸೀಟಿನಲ್ಲಿ ಕುಳಿತಳು. ಸೇತುವೆಯ ಮೇಲೆ ಬಂದಾಗ ಕನ್ನಡಿಯಲ್ಲಿ ನೋಡಿದೆ. ಅವ್ವ ಕರಿಕಲ್ಲನ್ನು ಮಡಿಲಿಗೆ ಎತ್ತಿಕೊಂಡು, ಒಂದು ಕೈಯನ್ನು ಬಾಗಿಲಿನ ಹಿಡಿಕೆಯ ಮೇಲೆ ಇಟ್ಟುಕೊಂಡಿದ್ದಳು. ಏರು ಶುರುವಾಯಿತು. ಎರಡನೆಯ ಗೇರು. ಗಾಡಿ ಹೋಗುತ್ತಿತ್ತು. ಹುಣಸೆ ಮರ ಬಂತು, ಹೋಯಿತು. ಅವ್ವ ಕಿವಿ ಕೊಟ್ಟು ಕೇಳುತ್ತಿದ್ದಳು, ನಾನೂ ಕೇಳುತ್ತಿದ್ದೆ. ನರಳಿಕೆ ಇರಲಿಲ್ಲ. ಸಣ್ಣ ಹೆಜ್ಜೆ, ಸಣ್ಣ ಉಸಿರು. 

ಏರಿನ ನಡುಮಧ್ಯದಲ್ಲಿ ಅವ್ವ, "ನಿಂದ್ರಸು" ಎಂದಳು.

 ಆಯಿತು, ಇಳಿಯುತ್ತಾಳೆ ಎಂದುಕೊಂಡೆ. ನಿಲ್ಲಿಸಿದೆ. ಅವ್ವ ಇಳಿಯಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ರಸ್ತೆಯ ಅಂಚಿನಲ್ಲಿ ಬುತ್ತಿಯ ಚೀಲ ಹಿಡಿದು ಮೇಲೆ ಹೋಗುತ್ತಿದ್ದ ಇಬ್ಬರು ಹೆಂಗಸರನ್ನು ಕರೆದಳು. ಕಟ್ಟಡದ ಕೆಲಸದವರು, ಕಾಲಿಗೆ ಸಿಮೆಂಟು ಮೆತ್ತಿತ್ತು. ಒಬ್ಬಳು ಅವ್ವನಿಗಿಂತ ಸ್ವಲ್ಪ ಚಿಕ್ಕವಳು, ಇನ್ನೊಬ್ಬಳು ಅವಳ ಸೊಸೆಯಿರಬೇಕು.

"ಎಲ್ಲಿಗೆ ಹೊಂಟೀರಿ?"

"ಫೋಂಡಾಕ್ಕರಿ."

"ಬರ್ರಿ, ಹತ್ರಿ."

"ಬ್ಯಾಡ್ರಿ ಯವ್ವಾ" ಎಂದಳು ಹಿರಿಯವಳು. "ಏರೈತಿ, ಗಾಡಿಗೆ ಭಾರಾ ಆಕ್ಕೈತಿ. ಏರು ದಾಟಿದ ಮ್ಯಾಲ ಹತ್ತತೇವಿ ತಗೋರಿ." ನನ್ನ ಕೈಬ್ರೇಕಿನ ಗುಣವೋ ಏನೋ, ಗಾಡಿ ಅಷ್ಟರಲ್ಲಿ ಹಿಂದಕ್ಕೆ ಒಂದಿಷ್ಟು ಜಾರಿತು. ಸೊಸೆ ಚೀಲವನ್ನು ಕೆಳಗಿಟ್ಟು, ರಸ್ತೆ ಬದಿಯ ಕೆಂಪುಕಲ್ಲೊಂದನ್ನು ಎತ್ತಿ ಹಿಂದಿನ ಗಾಲಿಗೆ ಒಡ್ಡಿದಳು. ಯಾರೂ ಹೇಳಿರಲಿಲ್ಲ. ಯಾವ ಊರಿನವರೆಂದು ಕೇಳುವ ಅಗತ್ಯವೂ ಇರಲಿಲ್ಲ.

ಅವ್ವ ಅವಳನ್ನು ನೋಡಿದಳು. ಆಮೇಲೆ ತನ್ನ ಮಡಿಲಿನ ಕರಿಕಲ್ಲನ್ನು ಕಾಲ ಬಳಿ ಇಳಿಸಿ, ಬಾಗಿಲು ತೆರೆದು, ಆಚೆಗೆ ಸರಿದು ಕುಳಿತಳು.

"ಕಲ್ಲು ತಗಿಯವಾ. ಒಳಗ ಬಾ. ಇದು ಎಳಿತೈತಿ."

ಅವರು ಹತ್ತಿದರು. ಗಾಡಿಯ ಹಿಂಭಾಗ ಕುಸಿಯಿತು. ಹಿಂದೆ ಲಾರಿಯೊಂದು ಹಾರನ್ನು ಹೊಡೆಯುತ್ತಿತ್ತು. ನಾನು ಒಂದನೆಯ ಗೇರು ಹಾಕಿ ಕ್ಲಚ್ಚು ಬಿಟ್ಟೆ. ಇಂಜಿನ್ನಿನ ದನಿ ಒಮ್ಮೆ ಕೆಳಗಿಳಿಯಿತು. ಸೊಸೆಯ ಕೈ ಬಾಗಿಲಿನ ಹಿಡಿಕೆಗೆ ಹೋದದ್ದು ಕನ್ನಡಿಯಲ್ಲಿ ಕಂಡಿತು. ಅವ್ವ ಆ ಕೈಯನ್ನು ಹಿಡಿದು ತನ್ನ ಮಡಿಲಿನಲ್ಲಿ ಇಟ್ಟುಕೊಂಡು, "ಕೂಡು" ಎಂದಳು.

ಗಾಡಿ ಎದ್ದಿತು. ಎದ್ದು, ಸಾವಕಾಶವಾಗಿ, ಒಂದೇ ದನಿಯಲ್ಲಿ ಹೋಯಿತು. ಏರು ಮುಗಿದ ಮೇಲೆ ನಾನು ಹಿಂದಿರುಗಿ ನೋಡಿದೆ. ಹಿಂದಿನ ಸೀಟಿನಲ್ಲಿ ಜಾಗವೇ ಇರಲಿಲ್ಲ.